ಆಯಿ ಓಗೊಡದ ಮಧ್ಯಾಹ್ನ

ಆಗೆಲ್ಲ ಸಂಕ್ರಾಂತಿ ದಾಟಿತೆಂದರೆ ಬ್ಯಾಡಗಿಯಲ್ಲಿ ಸೀನಿಗೆ ಶಕುನ ನೋಡುವವರೇ ಇರಲಿಲ್ಲ. ಊರಿಗೆ ಊರೇ ಸೀನುತ್ತಿತ್ತು. ಮದುವೆಯ ಮಾತುಕತೆ ನಡೆದಾಗ ಸೀನಿದರೂ ಯಾರೂ ಮುಖ ಕಿವುಚುತ್ತಿರಲಿಲ್ಲ, ಮೂಗಿಗೆ ಸೆರಗೋ ಟವೆಲ್ಲೋ ಹಿಡಿದು ಮಾತು ಮುಂದುವರಿಸುತ್ತಿದ್ದರು. ನಮ್ಮ ಪಾಟಿಚೀಲಕ್ಕೂ, ಒಣಹಾಕಿದ ಬಟ್ಟೆಗೂ, ರೊಟ್ಟಿಯ ಬುಟ್ಟಿಗೂ ಮೆಣಸಿನಕಾಯಿಯದೇ ಘಾಟು. ಇದನ್ನು ಓದುವವರಲ್ಲಿ ಆ ಕಡೆಯವರಿದ್ದರೆ ಈಗಾಗಲೇ ಅವರ ಮೂಗು ತುರಿಸುತ್ತಿರಬೇಕು.

ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ, ಸಣ್ಣದೇನಲ್ಲ. ಮನೆಯ ಮುಂದೆ ಕಾರಿತ್ತು. ರಾಣೇಬೆನ್ನೂರಿನಲ್ಲಿ ಇನ್ನೊಂದು ಅಂಗಡಿಯಿತ್ತು. ಅಪ್ಪನ ಕಿಸೆಯಲ್ಲಿ ಹೊಸ ಮೊಬೈಲು ಓಣಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಇಷ್ಟಕ್ಕೆಲ್ಲ ಒಡತಿ ಅಪ್ಪನ ತಾಯಿ, ನಮ್ಮ ಆಯಿ. ಅಜ್ಜ ತೀರಿಕೊಂಡ ಮೇಲೆ ವ್ಯಾಪಾರವನ್ನು ಬೆಳೆಸಿದವಳೇ ಅವಳು. ಆದರೆ ಹಂಗಾಮು ಬಂತೆಂದರೆ ಆಯಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಮಾಸಿದ ಸೀರೆಯುಟ್ಟು, ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ನಮ್ಮದೇ ಗೋದಾಮಿಗೆ ಕೂಲಿಗೆ ಹೊರಡುತ್ತಿದ್ದಳು. ಕೂಲಿ ಹೆಂಗಸರ ಜೊತೆ ನೆಲಕ್ಕೆ ಕುಳಿತು ಸಂಜೆಯವರೆಗೆ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾವು ವರ್ಷವಿಡೀ ತಿನ್ನುವ ಖಾರದಪುಡಿ ಆ ದುಡಿಮೆಯಿಂದಲೇ ಬರಬೇಕು. ಅಪ್ಪನಿಗೆ ಇದು ತಲೆ ತಗ್ಗಿಸುವ ವಿಷಯ. ಪರಊರಿನ ವ್ಯಾಪಾರಸ್ಥರು ನೋಡಿದರೆ ಏನಂದುಕೊಂಡಾರು ಎಂದು ಪ್ರತಿ ವರ್ಷವೂ ಗೊಣಗುತ್ತಿದ್ದ.

"ಉಣ್ಣೂ ಖಾರ ನಾನ ದುಡಿದಿರಬೇಕಪಾ. ಉಳಿದದ್ದೆಲ್ಲಾ ಶಿವಂದು," ಎಂದು ಆಯಿ ಅಷ್ಟಕ್ಕೇ ಮುಗಿಸಿಬಿಡುತ್ತಿದ್ದಳು.

ಶಾಲೆ ಬಿಟ್ಟ ಮೇಲೆ ನಾನೂ ಅಲ್ಲಿಗೇ ಹೋಗಬೇಕು. ನನಗೆ ಆ ಗೋದಾಮೆಂದರೆ ಜೀವ ಕೈಯಲ್ಲಿ. ಚೀಲದ ಮೇಲೆ ಚೀಲ ಪೇರಿಸಿದ ಥಪ್ಪಿಗಳು ತಗಡಿನ ಮಾಡಿನ ತನಕ ಏರಿರುತ್ತಿದ್ದವು. ಅವುಗಳ ಸಂದಿಯಲ್ಲಿ ಹಗಲೇ ಕತ್ತಲೆ. ಇಲಿ ಓಡಿದರೂ ಚೀಲಗಳೇ ಉಸಿರಾಡಿದಂತೆ ನನಗೆ ಕೇಳಿಸುತ್ತಿತ್ತು. ಗಾಳಿ ಬೆಳಕು ಬರುವ ಬಾಗಿಲ ಬಳಿಯ ಜಾಗವನ್ನು ಆಯಿ ಕೂಲಿಯವರಿಗೆ ಬಿಟ್ಟು, ತಾನು ಮಾತ್ರ ಒಳಗೆ ಥಪ್ಪಿಯ ಬುಡದಲ್ಲಿ ಕೂರುವಳು. ನಾನು ಅವಳ ಬೆನ್ನಿಗೆ ಬೆನ್ನು ಒತ್ತಿ, ಕಣ್ಣು ಮೇಲಿಟ್ಟುಕೊಂಡೇ ಪೇರಲ ಹಣ್ಣು ತಿನ್ನುತ್ತಿದ್ದೆ. ಖಾರದ ಕೈ ಎಂದು ಅವಳು ನನ್ನನ್ನು ಮುಟ್ಟುತ್ತಿರಲಿಲ್ಲ. ಮೊಣಕೈಯಿಂದ ನನ್ನ ತಲೆ ಸವರುತ್ತಿದ್ದಳು.

ಆ ವರ್ಷ ಮಾಲು ವಿಪರೀತ ಬಂದಿತ್ತು. ಒಣಗಿದ ಕಾಯಿ ಮುರಿಯಬಾರದೆಂದು ನಮ್ಮಲ್ಲಿ ನೀರು ಚಿಮುಕಿಸಿ, ಮೆತ್ತಗಾದ ಮೇಲೆ ತುಳಿದು ಚೀಲ ತುಂಬುತ್ತಾರೆ. ಹಾಗೆ ಹೊಸದಾಗಿ ತುಂಬಿದ ಹಸಿ ಚೀಲಗಳನ್ನು ಮೇಲೆಯೇ ಇಡಬೇಕು. ಅಪ್ಪನ ಅವಸರಕ್ಕೆ ಹಮಾಲರು ಅವನ್ನೇ ಬುಡಕ್ಕೆ ಹಾಕಿ ಅದರ ಮೇಲೆ ಪೇರಿಸಿಬಿಟ್ಟಿದ್ದರು. ಭಾರಕ್ಕೆ ಬುಡ ಕುಗ್ಗಿ ಥಪ್ಪಿ ಒಂದು ಕಡೆಗೆ ವಾಲಿದ್ದು ಆ ಕತ್ತಲೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವತ್ತು ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನ ಬಾಗಿಲ ಕಡೆ ಬಿಸಿಲು ಬಂದಿದ್ದರಿಂದ, ಕೂಲಿ ಹೆಂಗಸರಲ್ಲೊಬ್ಬಳಾದ, ದಿನ ತುಂಬುತ್ತಿದ್ದ ಬಸುರಿ ಮಾಬುಬಿ ಎದ್ದು ಬಂದು ಆಯಿಯ ಹತ್ತಿರ ಕೂತಿದ್ದಳು. ಆಕೆಗೆ ಬಾಯಾರಿಕೆಯೆಂದು ಆಯಿ ನನ್ನನ್ನು ನೀರಿಗೆ ಕಳಿಸಿದಳು. ತಂಬಿಗೆ ತುಂಬಿಕೊಂಡು ತಿರುಗಿದೆ. ಮೇಲಿನ ಚೀಲವೊಂದು ಮೆಲ್ಲಗೆ ಜಾರುತ್ತಿತ್ತು. ನೋಡನೋಡುತ್ತಿದ್ದಂತೆ ಥಪ್ಪಿ ಪೂರ್ತಿ ಕುಸಿಯಿತು.

ಚೀಲಗಳು ಒಡೆದು ಕೆಂಪು ಧೂಳು ಎದ್ದಿತು. ಕಣ್ಣು ಬಿಡುವಂತಿಲ್ಲ, ಉಸಿರೆಳೆದರೆ ಎದೆಯೆಲ್ಲ ಉರಿ. ಹೆಂಗಸರು ಕೆಮ್ಮುತ್ತ ಚೀರುತ್ತ ಹೊರಗೆ ಓಡಿದರು. ನಾನು ಒಳಗೇ ಹೋದೆ. ಅದೇನೂ ಧೈರ್ಯವಲ್ಲ, ಆಯಿಯನ್ನು ಬಿಟ್ಟು ಹೊರಗೆ ಹೋಗುವುದು ಅದಕ್ಕಿಂತ ದೊಡ್ಡ ಹೆದರಿಕೆಯಾಗಿತ್ತು. ತೆವಳುತ್ತ ತಡವರಿಸುತ್ತಿದ್ದಾಗ ಚೀಲಗಳ ನಡುವಿನಿಂದ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಹಿಡಿದಲ್ಲೆಲ್ಲ ಚರ್ಮ ಚುರುಗುಟ್ಟಿತು. ಆಯಿಯೇ ಎಂದು ಗೊತ್ತಾಯಿತು.

ಅಷ್ಟರಲ್ಲಿ ಅಪ್ಪ ಹಮಾಲರೊಡನೆ ನುಗ್ಗಿ ಬಂದ. "ಯವ್ವಾ, ಎಲ್ಲಿದ್ದೀ? ಓ ಅನ್ನು," ಎಂದು ಒದರುತ್ತಿದ್ದ. ಆಯಿ ಓ ಅನ್ನಲಿಲ್ಲ. ನಾನು ಕೂಗಲು ಬಾಯಿ ತೆರೆದೆ. ಮಣಿಕಟ್ಟಿನ ಹಿಡಿತ ಬಿಗಿಯಾಯಿತು.

"ಸುಮ್ನಿರು ಕೂಸ," ಎಂದಳು ಆಯಿ, ಕೇಳಿಯೂ ಕೇಳದಂಥ ದನಿಯಲ್ಲಿ. "ನಾ ಇಲ್ಲಿ ಅದೇನಿ ಅಂದ್ರ ಎಲ್ಲಾರೂ ನನ್ನ ಕಡೇನ ಬರ್ತಾರ. ಮಾಬುಬಿ ಆಚೆ ಕಡೆ ಸಿಕ್ಕೊಂಡಾಳ. ಎರಡು ಜೀವ. ಆಕೀ ಕಡೆ ತೋರ್ಸು."

"ನೀ ಸತ್ರ?" ಎಂದೆ.

"ಸಾಯಂಗಿಲ್ಲ. ಲಗೂ ತೋರ್ಸು."

ನಾನು ತೋರಿಸಿದೆ. ಅಲ್ಲಿರುವುದು ತನ್ನ ತಾಯಿಯೆಂದೇ ಅಪ್ಪ ತಿಳಿದ. ಹಮಾಲರ ಜೊತೆ ತಾನೂ ಚೀಲಗಳನ್ನು ಎತ್ತಿ ಎತ್ತಿ ಒಗೆದ. ಇತ್ತ ನನ್ನ ಕೈ ಹಿಡಿದಿದ್ದ ಕೈ ಸಡಿಲವಾಗುತ್ತಿತ್ತು. ಆ ಬೆರಳುಗಳು ಒಂದೊಂದಾಗಿ ನನ್ನನ್ನು ಬಿಡುತ್ತಿದ್ದ ಹೊತ್ತಿನ ಹೆದರಿಕೆ ಇವತ್ತಿಗೂ ಹೋಗಿಲ್ಲ. ಬಾಯಿ ಮುಚ್ಚಿಕೊಂಡು ನಾನೇ ಆಯಿಯನ್ನು ಕೊಲ್ಲುತ್ತಿದ್ದೇನೆ ಅನ್ನಿಸಿತು. ಕೊನೆಗೆ ಮಾಬುಬಿ ಹೊರಗೆ ಬಂದಳು, ನರಳುತ್ತ, ಎರಡೂ ಕೈಯಲ್ಲಿ ಹೊಟ್ಟೆ ಅವಚಿಕೊಂಡು. ಅವಳ ಮುಖ ಕಂಡ ಅಪ್ಪ ಮತ್ತೆ ಯವ್ವಾ ಎಂದು ಒದರುತ್ತ ಚೀಲಗಳ ಕಡೆ ತಿರುಗಿದ. ಆಗ ನಾನು ಇದ್ದ ಬಲವನ್ನೆಲ್ಲ ಹಾಕಿ ಕಿರುಚಿದೆ.

ಆಯಿಯನ್ನು ತೆಗೆದಾಗ ಅವಳಿಗೆ ಎಚ್ಚರವಿರಲಿಲ್ಲ. ಇಬ್ಬರನ್ನೂ ಒಂದೇ ಕಾರಿನಲ್ಲಿ ಹಾಕಿಕೊಂಡು ರಾಣೇಬೆನ್ನೂರಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಕದರಮಂಡಲಗಿ ಹನುಮಪ್ಪನಿಗೆ ಬೇಕುಬೇಕಾದ ಹರಕೆಯನ್ನೆಲ್ಲ ಹೊತ್ತೆ. ಆಯಿ ಬದುಕಿದಳು. ಬಲಮೊಣಕೈ ಮಾತ್ರ ಮುರಿದು ಮತ್ತೆಂದೂ ನೆಟ್ಟಗಾಗಲಿಲ್ಲ. ಮಾಬುಬಿಗೆ ಮುಂದೆ ಗಟ್ಟಿಮುಟ್ಟಾದ ಹೆಣ್ಣುಮಗು ಹುಟ್ಟಿತು.

ಅಪ್ಪ ಗೋದಾಮಿನ ಹಿಂಗೋಡೆ ಒಡೆಸಿ ಇನ್ನೊಂದು ಬಾಗಿಲು ಇಡಿಸಿದ. ಥಪ್ಪಿಗಳನ್ನು ಆಳೆತ್ತರಕ್ಕಿಂತ ಮೇಲೆ ಏರಿಸಲಿಲ್ಲ. ಮರುವರ್ಷ ಆಯಿ ಸೊಟ್ಟ ಕೈಯಲ್ಲೇ ಮತ್ತೆ ತೊಟ್ಟು ಬಿಡಿಸಲು ಹೋದಾಗ ಅಪ್ಪ ಗೊಣಗಲಿಲ್ಲ. ಒಂದು ಸಂಜೆ, ಯಾರೂ ಕರೆಯದಿದ್ದರೂ, ಧೋತರ ಎತ್ತಿಕಟ್ಟಿ ಅವಳ ಎದುರಿಗೆ ಕೂತು ಕಾಯಿ ಕೈಗೆತ್ತಿಕೊಂಡ. ಅವನಿಗೆ ಬರುತ್ತಿರಲಿಲ್ಲ, ಹೆಂಗಸರೆಲ್ಲ ನಕ್ಕರು. ಆಮೇಲೆ ಅವನು ಬದುಕಿರುವ ತನಕ ಹಂಗಾಮಿನಲ್ಲಿ ಅದನ್ನು ತಪ್ಪಿಸಲಿಲ್ಲ.

ಈಗ ಆಯಿಯೂ ಇಲ್ಲ, ಅಪ್ಪನೂ ಇಲ್ಲ. ವ್ಯಾಪಾರ ನಾನು ನೋಡುತ್ತೇನೆ, ಅವರ ಕಾಲಕ್ಕಿಂತ ದೊಡ್ಡದಾಗಿದೆ. ಕೋಲ್ಡ್ ಸ್ಟೋರೇಜ್ ಇದೆ, ನನಗೊಂದು ಗಾಜಿನ ಕೋಣೆಯಿದೆ, ಅಲ್ಲಿಗೆ ಘಾಟು ಬರುವುದಿಲ್ಲ. ತೊಟ್ಟು ಬಿಡಿಸುವವರನ್ನು ಗುತ್ತಿಗೆದಾರ ಟೆಂಪೋದಲ್ಲಿ ತಂದು ಟೆಂಪೋದಲ್ಲೇ ಒಯ್ಯುತ್ತಾನೆ. ಇವತ್ತು ಇಲ್ಲಿ ಥಪ್ಪಿ ಕುಸಿದರೆ ಎಲ್ಲರೂ ನನ್ನನ್ನೇ ಕೂಗುತ್ತ ಬರುತ್ತಾರೆ. ಆಯಿಯ ಹಾಗೆ ಓಗೊಡದೆ ಇರಬೇಕಾದರೆ, ನನ್ನ ಪಕ್ಕದಲ್ಲಿ ಸಿಕ್ಕಿಕೊಂಡವರು ಯಾರೆಂದಾದರೂ ನನಗೆ ಗೊತ್ತಿರಬೇಕಲ್ಲ.