ಭಾನುವಾರ ಬಂದ ಅಮಾವಾಸ್ಯೆ

ಅಥವಾ ಮುದುಕಿಯ ಎಡಗಾಲಿನ ಹೆಬ್ಬೆರಳೇ ಇರಬೇಕು. ಬಲಗಾಲಿನದೆಂದು ಮೊದಲು ಬರೆದು ಹೊಡೆದುಹಾಕಿದೆ. ಯಾವ ಕಾಲಿನದೇ ಆಗಲಿ, ಆ ಬೆರಳು ಉಳಿದ ನಾಲ್ಕರಿಂದ ದೂರ ಸರಿದು ಬೇರೆ ಸಂಸಾರ ಹೂಡಿದಂತಿತ್ತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಮಗ್ಗ ತುಳಿದು ತುಳಿದು ಹಾಗಾಗಿತ್ತು. ಗುಳೇದಗುಡ್ಡದಲ್ಲಿ ನಾನು ಬಾಡಿಗೆಗಿದ್ದ ಕೋಣೆಗೂ ಅವರ ಮಗ್ಗಕ್ಕೂ ನಡುವೆ ಒಂದೇ ಗೋಡೆ. ರವಿಕೆಯ ಖಣ ನೇಯುವ ಆ ಮುದುಕಿಯನ್ನು ಓಣಿಯವರಂತೆ ನಾನೂ ‘ಅವ್ವಾರ’ ಎನ್ನುತ್ತಿದ್ದೆ.

ಭಾನುವಾರ ಬೆಳಗ್ಗೆ ಗೋಡೆ ನಡುಗಿ ನನ್ನ ಸ್ಟೀಲಿನ ಲೋಟಗಳು ಗಲಗಲ ಎನ್ನುತ್ತಿದ್ದವು. ಎದ್ದು ಹೋಗಿ ಅವರ ಬಾಗಿಲಲ್ಲಿ ನಿಂತರೆ, ಲಾಳಿ ನಿಲ್ಲಿಸದೆಯೇ ಕೇಳುವರು:

“ಯಾಕ್ರಿ ಬಾಯಾರ, ಹೊತ್ತೇರಿದ್ರೂ ಮಲ್ಕೊಂಡಿದ್ರಿ? ಮೈಯಾಗ ಆರಾಮಿಲ್ಲೇನು?”

“ಇವತ್ತು ರಜ ಅಲ್ವಾ ಅವ್ವಾರೇ.”

“ಯಾರಿಗ್ರಿ ಸೂಟಿ?”

“ನನಗೆ.”

ದಕ್ಷಿಣದಿಂದ ಬಂದ ನನ್ನ ಈ ಉತ್ತರ ಅವರಿಗೆ ಎಂದೂ ಹಿಡಿಸಲಿಲ್ಲ. “ಸೋಮವಾರ ಎತ್ತಿಂದು, ಹೂಡಂಗಿಲ್ಲ. ಅಮಾಸಿ ಮಗ್ಗದ್ದು, ಮುಟ್ಟಂಗಿಲ್ಲ. ಐತವಾರ ನಿಮ್ದ ಅಂದ್ರ, ಎತ್ತೂ ನೀವ, ರೈತಾನೂ ನೀವ ಆದ್ರಿ!”

ಅಮಾವಾಸ್ಯೆಯ ದಿನ ನಾನು ಡಬ್ಬಿ ಹಿಡಿದು ಬಾಗಲಕೋಟೆಯ ಬಸ್ಸಿಗೆ ಓಡುವಾಗ ಅವರು ಕಟ್ಟೆಯ ಮೇಲೆ ತಲೆಗೂದಲು ಬಿಚ್ಚಿಕೊಂಡು ಕೂತಿರುತ್ತಿದ್ದರು. “ಅಮಾಸಿ ದಿನಾನೂ ದುಡಿಯಾಕ ಹೊಂಟ್ರಿ? ಪಾಪ, ನೊಗ ಬಿಚ್ಚಾವ್ರು ಯಾರೂ ಇಲ್ಲ ನಿಮಗ.”

ನನಗೆ ಬಿಡುವಿದ್ದಾಗ ಅವರ ಕಾಲು ಕುಣಿಯಲ್ಲಿ. ಅವರಿಗೆ ಬಿಡುವಿದ್ದಾಗ ನಾನು ಕಚೇರಿಯಲ್ಲಿ. ಆಡಿದ್ದೆಲ್ಲ ಬಾಗಿಲಲ್ಲಿ ನಿಂತು ಆಡಿದ ಮಾತು. ಆ ಊರಿನಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ. ಒಂದು ಇಡೀ ದಿನ ಅವರ ಪಕ್ಕದಲ್ಲಿ ಸುಮ್ಮನೆ ಕೂರಬೇಕೆಂಬ ಆಸೆ ಹಟದಂತೆ ಬೆಳೆಯಿತು. ಅಮಾವಾಸ್ಯೆಗೆ ರಜೆ ಹಾಕುತ್ತೇನೆ ಎಂದೆ. “ಸುಳ್ಳ ಹೇಳಿ ತಗೊಂಡ ಸೂಟಿ ಬ್ಯಾಡ್ರಿ. ತಾನ ಕೂಡಿ ಬರ್ಲಿ,” ಎಂದರು. ಅಂದಿನಿಂದ ಕ್ಯಾಲೆಂಡರಿನ ಭಾನುವಾರಗಳಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆ ಹುಡುಕುವುದೇ ನಮ್ಮಿಬ್ಬರ ಆಟ.

“ಬಂತಂದ್ರ ಬಾದಾಮಿಗೆ ಹೋಗೂನ್ರಿ. ರೊಟ್ಟಿ ನಾ ಕಟ್ತೇನಿ, ದಾರಿ ನೀವ ನೋಡ್ರಿ.”

ಕೂಡಿ ಬಂತು. ಹೋದೆವು. ಹೊಂಡದ ಮೆಟ್ಟಿಲ ಮೇಲೆ ಕೂತೆವು. ಎದುರಿಗೆ ಕೆಂಪು ಬಂಡೆ, ಆಚೆ ದಡದಲ್ಲಿ ಬಟ್ಟೆ ಒಗೆಯುವ ಸದ್ದು. ಕೋತಿಯೊಂದು ಬಂದು ರೊಟ್ಟಿಯ ಗಂಟು ಕಿತ್ತುಕೊಂಡು ಓಡಿತು. “ಇದಕ್ಕೊಂದು ಸೂಟಿನ ಇಲ್ಲ ನೋಡ್ರಿ!” ಎಂದು ಅವ್ವಾರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಇಬ್ಬರೂ ಒಂದು ಮೆಟ್ಟಿಲು ಕೆಳಗಿಳಿದೆವು. ನೀರಿಗೆ ಇಳಿಬಿಟ್ಟ ಅವರ ಕಾಲುಗಳು ಒಂದಾದ ಮೇಲೊಂದು ಕೆಳಗೆ ಒತ್ತುತ್ತಿದ್ದವು. ನಾನು ನೋಡಿದ್ದು ತಿಳಿದು ಸೀರೆ ಸರಿಮಾಡಿಕೊಂಡರು. “ನಾ ಅಲ್ರಿ, ಅವ ಮಾಡ್ತಾವ.”

ಆಮೇಲೆ ನನಗೆ ಹುನಗುಂದಕ್ಕೆ ವರ್ಗವಾಯಿತು. ಅವರು ತೀರಿಕೊಂಡದ್ದು ತಿಳಿಯುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ಕಳೆದ ತಿಂಗಳು, ಒಂದು ಭಾನುವಾರ, ಗುಳೇದಗುಡ್ಡಕ್ಕೆ ಹೋದೆ. ಅದೇ ಕುಣಿಯಲ್ಲಿ ಅವರ ಸೊಸೆ ಕೂತಿದ್ದರು. ಬಾದಾಮಿಯ ಆ ದಿನದ ಮಾತು ತೆಗೆದೆ. ಲಾಳಿ ನಿಂತಿತು.

“ಅತ್ತಿ? ಬಾದಾಮಿಗೆ? ಇಲ್ರಿ ಬಾಯಾರ. ಆ ಐತವಾರ ಮುಂಜಾನೆನ ಅವ್ರಿಗೆ ಜ್ವರ ಬಂದಿತ್ತಲ್ರಿ. ಕಟ್ಟಿದ ರೊಟ್ಟಿ ಹಂಗ ಉಳೀತು. ನೀವ ಹೊತ್ತು ಮುಳುಗೂತನಕ ಹಾಸಿಗಿ ಬಾಜೂಕ ಕುಂತು ಕಾಲ ಒತ್ತಿದ್ರಿ. ಮರತ್ರೇನು?”

ನನಗೆ ಆ ಹಾಸಿಗೆ ನೆನಪಿಲ್ಲ, ಜ್ವರವೂ ನೆನಪಿಲ್ಲ. ಸೊಸೆ ಬೇರೆ ಯಾವುದೋ ಭಾನುವಾರವನ್ನು ಹೇಳುತ್ತಿರಬಹುದು. ಹೊದಿಕೆಯ ಕೆಳಗೆ ಆಡುತ್ತಿದ್ದ ಕಾಲುಗಳನ್ನೇ ನಾನು ಹೊಂಡದ ನೀರಿಗೆ ತಂದಿಟ್ಟಿರಲೂಬಹುದು. ಆದರೆ ಆ ಕೋತಿ? ಅದನ್ನು ಎಲ್ಲಿಂದ ತಂದೆ?

ಒಂದು ಇಡೀ ದಿನ ಅವರ ಪಕ್ಕದಲ್ಲಿ ಕೂತಿದ್ದೆ, ಅದಷ್ಟನ್ನು ಸೊಸೆಯೂ ಒಪ್ಪುತ್ತಾರೆ. ಎಲ್ಲಿ ಎಂಬುದು ನನಗೆ ಗೊತ್ತಿಲ್ಲ.