ಹಕ್ಕಿಗಾಗಿ ನಿಂತ ಹಾಡು

"ಶ್! ಹಾಡು ನಿಲ್ಲಿಸ್ರಿ, ಹಕ್ಕಿ ಹಾರಿ ಹೋಗ್ತಾವ!" ಎಂದು ಕೈಬೀಸಿ ಗದರಿದವಳು ನಾನೇ.

ಬೀದರ್, ಭಾಲ್ಕಿಯಿಂದ ಹೋಗಿದ್ದ ನಮ್ಮ ಪಕ್ಷಿವೀಕ್ಷಕರ ತಂಡ ಕಳೆದ ಚಳಿಗಾಲದ ಒಂದು ಸಂಜೆ ಔರಾದ ತಾಲ್ಲೂಕಿನ ಡಾಬಕಾ ಬಳಿ, ಗುಡ್ಡದ ಮೇಲಿನ ಹುಲ್ಲುಗಾವಲಿನಲ್ಲಿ ಉಸಿರು ಬಿಗಿಹಿಡಿದು ಕೂತಿತ್ತು. ರಾತ್ರಿ ತಂಗಲು ಗಿಡುಗಗಳು ಒಂದೊಂದಾಗಿ ಹುಲ್ಲಿಗೆ ಇಳಿಯುತ್ತಿದ್ದವು. ಆಗಲೇ ದಿಬ್ಬದ ಆಚೆಯಿಂದ ಹಲವರು ಒಟ್ಟಾಗಿ ಹಾಡುತ್ತ ಬರುವುದು ಕೇಳಿಸಿತ್ತು; ಮುಂದಿದ್ದವರಷ್ಟೇ ದಿಬ್ಬದ ಮೇಲೆ ಕಂಡಿದ್ದರು.

ನಾನು ಗದರಿದ್ದೇ ತಡ, ಹಾಡು ನಿಂತಿತು. ಮುಂದಿದ್ದ ಹಿರಿಯರೊಬ್ಬರು ತಗ್ಗಿದ ದನಿಯಲ್ಲಿ, "ಮಾಫ್ ಮಾಡ್ರಿ ಬಾಯಾರ, ನಮಗ ಗೊತ್ತಾಗ್ಲಿಲ್ರಿ. ಸುಮ್ಮ ಹೋಗ್ತೇವ್ರಿ" ಎಂದರು. ಅವರ ಹಿಂದೆ ಬಂದ ನಾಲ್ವರ ಹೆಗಲ ಮೇಲೆ ಶಿಲುಬೆಯ ಗುರುತಿನ ಬಟ್ಟೆ ಹೊದಿಸಿದ ಶವಪೆಟ್ಟಿಗೆಯಿತ್ತು. ಕೊನೆಯಲ್ಲಿದ್ದ ಹೆಂಗಸು ಅಳುವ ಸದ್ದು ಹೊರಬಾರದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಡೆಯುತ್ತಿದ್ದಳು.

ನಾವೆಲ್ಲ ಎದ್ದು ನಿಂತೆವು. ಗಿಡುಗಗಳು ಹಾರಿಹೋದವು, ಯಾರೂ ಅತ್ತ ನೋಡಲಿಲ್ಲ. ಓಡಿಹೋಗಿ "ಹಾಡ್ರಿ" ಅನ್ನಬೇಕೆನಿಸಿತು, ಆದರೆ ನಿಂತಲ್ಲೇ ಉಳಿದೆ.

ಮಣ್ಣು ಮಾಡುವವರೆಗೂ ಅವರು ಹಾಗೇ ಮೌನವಾಗಿದ್ದರೋ ಏನೋ, ನನಗೆ ತಿಳಿಯದು. ತಮ್ಮವರನ್ನು ಕಳೆದುಕೊಂಡ ದಿನ ಅವರು ನನ್ನಲ್ಲಿ ಮಾಫಿ ಕೇಳಿದರಲ್ಲ, ಅದನ್ನು ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ.