ಬೊಟ್ಟಿಟ್ಟು ಕರೆದ ಓಟು

ಕುಂಕುಮದ ಭರಣಿ ಕಂಡರೆ ಈಗ ನನಗೆ ಹೇಸಿಗೆಯಾಗುತ್ತದೆ. ದೇವರ ಮುಂದಿಡುವ ಭರಣಿಯ ಮಾತಲ್ಲ, ಕೈಯಲ್ಲಿ ಹಿಡಿದು ಮನೆಮನೆಗೆ ಹೋಗುವ ಭರಣಿಯ ಮಾತು. ಕಾರಣ ಹೇಳಿದರೆ ಮಾನ ಹೋಗುವವರಲ್ಲಿ ನಾನೇ ಮೊದಲಿನವಳು. ಹೋದರೆ ಹೋಗಲಿ.

ನನ್ನ ಗಂಡ ನೌಕಾಪಡೆಯಲ್ಲಿದ್ದಷ್ಟು ವರ್ಷ ನಾವು ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಹೆಸರುಗಳು ಮಾತ್ರ ಬಾಗಲಕೋಟೆ ಕಡೆಯ ನಮ್ಮೂರಿನ ಮತದಾರರ ಪಟ್ಟಿಯಲ್ಲಿದ್ದವು. ಕಾರ್ಪೊರೇಷನ್ ಚುನಾವಣೆ ಎಂದರೆ ನಮಗೆ ಗೇಟಿನಾಚೆ ಕೂಗುವ ಮೈಕು, ಅಷ್ಟೇ. ಅವರು ನಿವೃತ್ತರಾಗಿ ಬ್ಯಾಂಕಿನ ಕೆಲಸ ಹಿಡಿದು ವಿಜಯವಾಡಕ್ಕೆ ಬಂದು, ಪಟಮಟದಲ್ಲಿ ಮನೆ ಮಾಡಿದ ಮೇಲೆ, ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ನಾನು ದಿನಾ ಬಾಗಿಲ ಮುಂದೆ ಕಸ ಗುಡಿಸುವ ಓಣಿಯ ಮತದಾರರ ಪಟ್ಟಿಯಲ್ಲೇ ನನ್ನ ಹೆಸರು ಬಂತು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಮತದಾರರಿಗೆ ತಿಳಿವಳಿಕೆ ಕೊಡುವ ಸಂಘವೊಂದು ಸ್ವಯಂಸೇವಕರನ್ನು ಕರೆದಾಗ ನಾನು ಓಡಿಹೋಗಿ ಹೆಸರು ಕೊಟ್ಟೆ.

ಆ ಉಮೇದಿಗೆ ಎದುರುಮನೆಯವಳೂ ಕಾರಣ. ಬಳ್ಳಾರಿಯ ಹೆಣ್ಣು, ಮೂವತ್ತು ವರ್ಷದ ಹಿಂದೆ ತೆಲುಗು ಮನೆಗೆ ಸೊಸೆಯಾಗಿ ಬಂದವಳು. ಅವಳ ಮನೆ ಮುಂದಿನ ಗಟಾರ ತುಂಬಿ ಹರಿದು, ಆ ರಾಡಿಯಲ್ಲಿ ಅವಳ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ವಾರ್ಡಿನ ಸದಸ್ಯನಿಗೆ ಅವಳು ಅರ್ಜಿ ಕೊಟ್ಟೂ ಕೊಟ್ಟೂ ಸೋತಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವನು ಒಮ್ಮೆಯೂ ಆ ಗಟಾರದ ಕಡೆ ತಲೆ ಹಾಕಲಿಲ್ಲ. ಈಗ ಅವನೇ ಮತ್ತೆ ನಿಂತಿದ್ದ. "ಈ ಸಲ ನೋಡ್ರಿ ಅಕ್ಕಾ, ನಾ ಸತ್ರೂ ಆತಗ ಓಟು ಇಲ್ಲ" ಎಂದು ಅತ್ತೆಯ ಬಟ್ಟೆ ಹಿಂಡುತ್ತಾ ಹೇಳಿದ್ದಳು. ಅವಳಿಗೆ ಆ ಚುನಾವಣೆಯಲ್ಲಿ ಬೇಕಾಗಿದ್ದುದು ಅದೊಂದೇ.

ತರಬೇತಿ ಇದ್ದುದು ವಿಶಾಖಪಟ್ಟಣದಲ್ಲಿ, ದ್ವಾರಕಾ ನಗರದ ಹೋಟೆಲೊಂದರ ಹಾಲಿನಲ್ಲಿ. ಪಟ್ಟಿಯಲ್ಲಿ ಹೆಸರು ಹುಡುಕುವುದು ಹೇಗೆ, ಮತಗಟ್ಟೆಯಿಂದ ಎಷ್ಟು ದೂರ ನಿಲ್ಲಬೇಕು, ಏನನ್ನು ನೋಡಬೇಕು, ಏನನ್ನು ಬರೆಯಬೇಕು, ಎಲ್ಲ ಕಲಿಸಿದರು. ಒಂದು ನಿಯಮವನ್ನಂತೂ ಮೂರು ಸಲ ಹೇಳಿದರು: ಯಾವ ಅಭ್ಯರ್ಥಿಯ ಹೆಸರೂ ನಿಮ್ಮ ಬಾಯಲ್ಲಿ ಬರಕೂಡದು, ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ. ಕೊನೆಗೆ, ಹೆಂಗಸರನ್ನು ಮತಗಟ್ಟೆಗೆ ತರುವುದು ಹೇಗೆ ಎಂಬ ಪ್ರಶ್ನೆ ಬಂತು. ನಾನು ಕೈ ಎತ್ತಿದೆ.

ಈ ಸೀಮೆಯಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ಮನೆಗೆ ಬಂದು ಹಣೆಗೆ ಕುಂಕುಮವಿಟ್ಟು ಕರೆದರೇ ಕರೆದಂತೆ. ಅದಕ್ಕೆ ಬೊಟ್ಟಿಡುವುದು ಎನ್ನುತ್ತಾರೆ. ಬರೀ ಫೋನು ಮಾಡಿದರೆ 'ನಮಗೆ ಬೊಟ್ಟಿಡಲಿಲ್ಲ' ಎಂದು ಒಡಹುಟ್ಟಿದವರೂ ಮುನಿಸಿಕೊಳ್ಳುತ್ತಾರೆ. ಬೊಟ್ಟಿಡಿಸಿಕೊಂಡವಳು ಮಾತ್ರ ಜ್ವರ ಬಂದರೂ ಹೋಗುತ್ತಾಳೆ. ಓಟಿಗೂ ಹಾಗೇ ಬೊಟ್ಟಿಟ್ಟು ಕರೆಯೋಣ ಎಂದೆ. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ನನ್ನ ಮಾತನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಇಡ್ಲಿ ಹಿಟ್ಟಿನಂತೆ ಉಬ್ಬಿಕೊಂಡು ರೈಲು ಹತ್ತಿ ಬಂದೆ.

ನಾನು ಭರಣಿ ತೊಳೆಯುವುದನ್ನು ನೋಡಿ ಗಂಡ ನಕ್ಕರು. "ಏನು, ಓಟು ಕೇಳಾಕ ಹೊಂಟಿಯೇನು?"

"ಕೇಳಾಕಲ್ಲರೀ. ಹಾಕಾಕ ಬರ್ರಿ ಅಂತ ಹೇಳಾಕ."

"ಅವರಿಗೆ ಆ ಫರಕ ತಿಳೀತೈತೇನು?"

ನಿಮಗೆ ಎಲ್ಲದರಲ್ಲೂ ಕೊಂಕು ಎಂದು ಸಿಡುಕಿದೆ. ಆ ಮನುಷ್ಯ ಸರಿಯಾದ ಮಾತನ್ನು ಯಾವಾಗಲೂ ಹಲ್ಲುಕಿರಿದೇ ಹೇಳುತ್ತಾರೆ, ಹಾಗಾಗಿ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡು ಸಂಜೆ ಓಣಿಯೆಲ್ಲ ಸುತ್ತಿದೆ. ಪ್ರತಿ ಹಣೆಗೂ ಬೊಟ್ಟಿಟ್ಟು, "ತಪ್ಪದೆ ಬರಬೇಕು, ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕಬೇಕು, ಒಳಗೆ ಯಾರೂ ನೋಡುವುದಿಲ್ಲ" ಎಂದೆ. ಎಲ್ಲರೂ ತಲೆಯಾಡಿಸಿದರು. ಬೊಟ್ಟೆಂದರೆ ಯಾರದೋ ಮನೆಯ ಕಾರ್ಯಕ್ಕೆ ಕರೆಯುವುದು, ಕರೆಸಿದವರೊಬ್ಬರು ಇದ್ದೇ ಇರಬೇಕು ಎಂಬುದು ಅವರಿಗೆಲ್ಲ ಹೊಕ್ಕುಳಬಳ್ಳಿಯಿಂದ ಬಂದ ತಿಳಿವಳಿಕೆ. ಅಂಥಾ ಕರೆ ಕೊಡಲು ಹೊರಟ ನಾನು ಮಾತ್ರ ಅದನ್ನು ಮರೆತಿದ್ದೆ.

ಮೂರನೆಯ ದಿನ ಆ ಸದಸ್ಯನ ಹೆಂಡತಿ ಬಂದಳು. ಕೈಯಲ್ಲಿ ಬೆಳ್ಳಿಯ ಭರಣಿ, ಹಿಂದೆ ರವಿಕೆ ಖಣದ ತಟ್ಟೆ ಹೊತ್ತ ನಾಲ್ಕು ಹೆಂಗಸರು. ಇಂದ್ರಕೀಲಾದ್ರಿ ಬೆಟ್ಟದ ದೇವಿ ಅಮ್ಮವಾರಿನ ಕುಂಕುಮ ಎಂದು ಮನೆಮನೆಗೂ ಹೇಳುತ್ತಾ ನಮ್ಮ ಮೆಟ್ಟಿಲನ್ನೂ ಹತ್ತಿದಳು. ಎದುರಿನ ಬಾಗಿಲಲ್ಲಿ ಬಳ್ಳಾರಿಯವಳು ನಿಂತು ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಆ ಸದಸ್ಯ ದೇವಿಯ ಕುಂಕುಮವನ್ನೂ ಬಿಡಲಿಲ್ಲವಲ್ಲ ಎಂದು ಉಗಿಯಬೇಕೆನಿಸಿತು. ಆದರೆ ಕುಂಕುಮ ಬೇಡ ಎನ್ನಲು ಯಾವ ಮುತ್ತೈದೆಗೆ ಬಾಯಿ ಬರುತ್ತದೆ? ಹಣೆ ಒಡ್ಡಿದೆ. "ನಮಗಿಂತ ಮೊದಲೇ ನೀವು ಓಣಿಗೆಲ್ಲ ಬೊಟ್ಟಿಟ್ಟಿರಂತೆ, ದೊಡ್ಡ ಉಪಕಾರವಾಯಿತು" ಎಂದು ಸದಸ್ಯನ ಹೆಂಡತಿ ತೆಲುಗಿನಲ್ಲಿ, ಓಣಿಗೆಲ್ಲ ಕೇಳುವಂತೆ ಹೇಳಿದಳು. ಚುಚ್ಚುತ್ತಿದ್ದಾಳೆ ಎಂದುಕೊಂಡೆ. ಅಭ್ಯರ್ಥಿಯ ಮಾತೆತ್ತಬಾರದಲ್ಲ, ಕಲಿತ ಪಾಠ ನೆನಪಿಗೆ ಬಂದು ತುಟಿ ಬಿಗಿಹಿಡಿದೆ. ಒಳಗೆ ಹೋಗಿ ಹಣೆ ತೊಳೆದುಕೊಂಡೆ. ಅದನ್ನು ಯಾರೂ ನೋಡಲಿಲ್ಲ.

ಮತದಾನದ ದಿನ ಶಾಲೆಯ ಮುಂದೆ, ಸುಣ್ಣದ ಗೆರೆಯ ಆಚೆ, ಸಂಘ ಕೊಟ್ಟ ವರದಿಯ ನಮೂನೆ ಹಿಡಿದು ನಿಂತೆ. ಏನು ಹೆಂಗಸರು ಅಂತೀರಿ! ಮಿಂದು, ಹೂ ಮುಡಿದು, ಮದುವೆಗೆ ಹೊರಟವರಂತೆ ಸಾಲು ಸಾಲಾಗಿ ಬಂದರು. ನನ್ನನ್ನು ಕಂಡವರೆಲ್ಲ ಹಣೆ ಮುಟ್ಟಿ ತೋರಿಸಿ ನಕ್ಕರು. ನಾನೂ ಬೀಗುತ್ತಾ ನಕ್ಕೆ. 'ಮತದಾರರ ಮೇಲೆ ಒತ್ತಡ ಕಂಡುಬಂತೇ?' ಎಂಬಲ್ಲಿ 'ಇಲ್ಲ' ಎಂದು ದುಂಡಗೆ ಬರೆದೆ.

ಹನ್ನೊಂದರ ಹೊತ್ತಿಗೆ ಎದುರುಮನೆಯವಳು ಓಟು ಹಾಕಿ ಹೊರಗೆ ಬಂದಳು. ಶಾಯಿ ಹಚ್ಚಿದ ಬೆರಳನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಮುಖ ಗಂಟಾಗಿತ್ತು.

"ನಿಮ್ಮ ಮಾತು ಉಳಿಸೀನಿ ಅಕ್ಕಾ" ಎಂದಳು. "ಕೈ ಬರ್ಲೇ ಇಲ್ಲ. ಅತ್ತಿ ಮುಖ ಕಣ್ಣಮುಂದೇ ಬಂತು. ಆದ್ರೂ ಆತಗೇ ಒತ್ತಿ ಬಂದೆ."

ನನಗೆ ಅರ್ಥವಾಗಲಿಲ್ಲ. ಯಾವ ಮಾತು ಎಂದೆ.

"ನೀವೇ ಮೊದಲು ಬೊಟ್ಟು ಇಟ್ರಿ. ಆಮ್ಯಾಲೆ ಆತನ ಹೆಂಡ್ತಿ ಬಂದು ಕರದ್ಲು. ನಿಮಗೂ ಇಟ್ಲು, ನೀವೂ ಇಡಿಸ್ಕೊಂಡ್ರಿ. ನೀವೇ ಆತನ ಕಡಿ ಆದ ಮ್ಯಾಲೆ ನಾ ಹೆಂಗ ತಪ್ಪಲಿ?"

ಒಳಗೆ ಒಬ್ಬಳೇ ಇದ್ದೆಯಲ್ಲ, ಯಾರೂ ನೋಡುವುದಿಲ್ಲ ಎಂದು ಹೇಳಿದ್ದೆನಲ್ಲ ಎಂದು ಹೆಚ್ಚುಕಡಿಮೆ ಕಿರುಚಿದೆ.

"ಮಂದಿ ನೋಡಲ್ಲ, ಗೊತ್ತೈತಿ. ಅಮ್ಮವಾರು ಹಣಿ ಮ್ಯಾಲೇ ಕುಂತಾಳಲ್ಲಾ."

ಆ ಹೊತ್ತಿಗೆ ನನಗೆ ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು: ಆ ಸದಸ್ಯನ ಮೇಲೆ, ಅವನ ಹೆಂಡತಿಯ ಬೆಳ್ಳಿ ಭರಣಿಯ ಮೇಲೆ, ಚಪ್ಪಾಳೆ ತಟ್ಟಿದ ಆ ಹಾಲಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬಿಗಿಹಿಡಿದ ನನ್ನ ತುಟಿಯ ಮೇಲೆ. ನಾನು ಅವನ ಕಡೆಯವಳಲ್ಲ, ಯಾರ ಕಡೆಯವಳೂ ಅಲ್ಲ ಎಂದೆ. ಅವಳು ಬೆರಳು ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಹಂಗಂತ ಆವತ್ತೇ ಒಂದು ಮಾತು ಹೇಳಬಾರದಾಗಿತ್ತಾ ಅಕ್ಕಾ?"

ಹೇಳಬಾರದೆಂದು ನನಗೆ ಕಲಿಸಿದ್ದರು. ಆ ಉತ್ತರವನ್ನು ಅವಳ ಮುಖಕ್ಕೆ ಹೇಳಲು ನಾಚಿಕೆಯಾಯಿತು. ಅತ್ತೆಗೆ ಉಣಿಸುವ ಹೊತ್ತಾಯಿತೆಂದು ಅವಳು ಹೊರಟುಹೋದಳು.